ಹದಿನೇಳನೇ ನಂಬರಿನ ಅಂಗಿ

ಆಟ ನಾನು ನೋಡುವುದಿಲ್ಲ. ಮೆಟ್ಟಿಲುಗಳ ಕೆಳಗೆ ನನ್ನ ಕೋಣೆ,
ಎರಡು ಯಂತ್ರ, ಒಂದು ಇಸ್ತ್ರಿ ಮೇಜು.
ಗೆದ್ದರೋ ಸೋತರೋ ತಲೆಯ ಮೇಲಿನ ಹಲಗೆ ಹೇಳುತ್ತದೆ,
ಯಾರು ಹೇಗೆ ಆಡಿದರೆಂದು ಬಟ್ಟೆ.
ಗೋಲ್‌ಕೀಪರನ ಮೊಣಕೈ, ಬ್ಯಾಕುಗಳ ಪಕ್ಕೆ,
ಓಡದೆ ಓಡಿದಂತೆ ಮಾಡಿದವನ ಕಂಕುಳು,
ಕೆಮಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನನಗೆ ಇದೇ ಓದು.

ಏಪ್ರಿಲಿನಲ್ಲಿ ಬಂದ. ಮೈದಾನದ ಅಂಚಿಗೆ ಇನ್ನೂ
ಆಳೆತ್ತರ ಹಿಮ ಒಟ್ಟಿತ್ತು.
ದಲ್ಯೋಪ್ ಪ್ವಾಜೋಕ್, ಫಾರ್ವರ್ಡ್, ಮೂವತ್ತೊಂದು.
ಚೀಲದಲ್ಲಿ ಮೂರು ದೇಶದ ಸಾಕ್ಸು:
ಮಾಲ್ಟಾದ್ದು ತೂತು, ಬಲ್ಗೇರಿಯಾದ್ದು ಕುಗ್ಗಿತ್ತು,
ಅಲ್ಬೇನಿಯಾದ್ದು ಹೊಚ್ಚ ಹೊಸದು.
"ಸಂಬಳದ ಬದಲು ಇದನ್ನ ಕೊಟ್ಟರು, ಸಿನಿಕ್ಕಾ" ಅಂದ, ನಕ್ಕ.
ನಗಬೇಕೋ ಬೇಡವೋ ತಿಳಿಯದೆ
ನಾನು ಸೋಪಿನ ಪುಡಿ ಅಳೆದೆ.

ಬೆನ್ನಿಗೆ ಅಚ್ಚು ಹಾಕಿದವರು
ಹೆಸರಿನ ಎರಡನೇ ಅಕ್ಷರ ನುಂಗಿದ್ದರು.
ಪಾಜೋಕ್ ಅಂತಾಯಿತು. ಬೇರೆ ಮಾಡಿಸಲು ದುಡ್ಡಿಲ್ಲ ಅಂದಿತು ಕ್ಲಬ್ಬು.
ಪರವಾಗಿಲ್ಲ, ಅಂದ,
ಗೋಲು ತಪ್ಪಿಸುವವನು ಪಾಜೋಕ್,
ಅಮ್ಮನಿಗೆ ಆ ಹೆಸರಿನ ಮಗನೇ ಇಲ್ಲ.

ಚೆಂಡು ಬಿಡುವುದಿಲ್ಲ ಅಂತ ಕೋಚಿನ ದೂರು.
ಕೊಡು, ಬೇಗ ಕೊಡು, ಕೊಟ್ಟು ಓಡು.
ಒಂದು ಸಂಜೆ ನನ್ನ ಜೊತೆ ಟವೆಲು ಮಡಿಸುತ್ತ ಹೇಳಿದ:
ಬುಕುರುವಿನಲ್ಲಿ, ಜೋಸ್ ಪ್ರಸ್ಥಭೂಮಿಯ ಮೇಲೆ,
ಮನೆ ಮನೆಗೂ ಕಳ್ಳಿಯ ಬೇಲಿ.
ಬೇಲಿಯಾಚೆ ತವರ ಅಗೆದು ಬಿಟ್ಟುಹೋದ ಗುಂಡಿಗಳು,
ತಳ ಕಾಣದ ನೀಲಿ ನೀರು.
ಕೇರಿಗೆಲ್ಲ ಒಂದೇ ಚೆಂಡು.
ಕಾಲಿಂದ ಗೇಣು ದೂರ ಹೋದರೆ
ಮುಳ್ಳಿಗೆ, ಇಲ್ಲ ನೀರಿಗೆ.
"ಕಳೆದವನು ಹೊಸದು ತರಬೇಕು. ಎಲ್ಲಿಂದ ತರಲಿ?"
ಕೋಚಿಗೆ ಇದನ್ನು ಹೇಳಬಾರದೇ ಅಂದೆ.
ಅವರು ಕಾರಣ ಕೇಳಲಿಲ್ಲ, ಅಂದ.

ಆಮೇಲೆ ಏಳು ವಾರ
ಹದಿನೇಳು ಕೊಳೆಯಾಗದೆ ಬಂತು.
ಬೆಂಚಿನ ಮೇಲೆ ಕೂತ ಅಂಗಿ.
ಬೆವರಿಲ್ಲ, ಹುಲ್ಲಿಲ್ಲ,
ನಾನೇ ಎಳೆದ ಇಸ್ತ್ರಿಯ ಗೆರೆ ನನಗೇ ವಾಪಸು.
ಗೋಲಿಗೆ ಇಷ್ಟು ಅಂತ ಕರಾರಂತೆ,
ತಂಗಿ ಕನೆಂಗಳ ನರ್ಸಿಂಗ್ ಕಾಲೇಜಿಗೆ
ಎರಡು ಗೋಲು ಬಾಕಿಯಂತೆ.
ಒಗೆಯಬೇಕಿರಲಿಲ್ಲ. ಒಗೆದೆ.
ಉಳಿದವರ ಕೆಸರಿನ ಜೊತೆಗೇ ಹಾಕಿದೆ,
ಅವರದ್ದಾದರೂ ಚೂರು ಹತ್ತಲಿ ಅಂತ.

ಜುಲೈನಲ್ಲಿ ಮುಸ್ತಯಾರ್ವಿ ದಕ್ಷಿಣದ ಕ್ಲಬ್ಬಿಗೆ ಹೋದ.
ಅವನ ಹಳೆ ಅಂಗಿ ನೆಲ ಒರೆಸಲು ನನಗೆ ಸಿಕ್ಕಿತು.
ಕತ್ತರಿ ಇಡುವಾಗ ಕಣ್ಣಿಗೆ ಬಿದ್ದದ್ದು ಮೊದಲ ಅಕ್ಷರ, ಎಮ್.
ತಲೆಕೆಳಗೆ ಹಿಡಿದರೆ ಡಬ್ಲ್ಯೂ.
ರಾತ್ರಿ ಹನ್ನೊಂದಾದರೂ ಹೊರಗೆ ಬಿಸಿಲು,
ದೀಪ ಹಾಕದೆ ಹೊಲಿದೆ.
ಜಾಗ ಸಾಲದೆ ಅದು ಸೊಟ್ಟಗೆ ನಿಂತಿತು,
ತುಂಬಿದ ಬಸ್ಸಿಗೆ ಕೊನೆಗೆ ಹತ್ತಿದವನ ಹಾಗೆ,
ಒಂದು ಕಾಲು ಪಕ್ಕದವನ ಮೇಲೆ.

ಅವನು ಮಾತಾಡಲಿಲ್ಲ. ಬೆರಳಿಂದ ಒತ್ತಿ ನೋಡಿದ,
ಮಾಯ್ದ ಗಾಯ ಒತ್ತಿ ನೋಡುವ ಹಾಗೆ.
ತೊಟ್ಟು ಹೋದ.

ಗೋಲು ಹೊಡೆದನೇ ಅಂತ ಕೇಳುತ್ತೀರಿ.
ಕೊನೆಯ ಹನ್ನೆರಡು ನಿಮಿಷ ಆಡಿಸಿದರಂತೆ,
ಎರಡು-ಸೊನ್ನೆಯಲ್ಲಿ ಸೋತೆವಂತೆ.
ನಾನು ಓದಿದ್ದು ಇಷ್ಟು:
ಎದೆಯುದ್ದ ಹುಲ್ಲಿನ ಹಸಿರು,
ಹೆಗಲ ಹೊಲಿಗೆ ಅಂಗೈಯಗಲ ಬಿಚ್ಚಿದೆ,
ಯಾರೋ ಹಿಂದಿನಿಂದ ಹಿಡಿದು ಜಗ್ಗಿದ್ದಾರೆ.
ಚೆಂಡು ಬಿಟ್ಟುಕೊಟ್ಟವನನ್ನು
ಯಾರೂ ಹಾಗೆ ಜಗ್ಗುವುದಿಲ್ಲ.
ಸೊಟ್ಟ ಅಕ್ಷರದ್ದು ಒಂದೆಳೆಯೂ ಕದಲಿರಲಿಲ್ಲ.
ಅದೊಂದನ್ನು ಯಂತ್ರಕ್ಕೆ ಹಾಕದೆ ಕೈಯಲ್ಲಿ ಒಗೆದೆ.

ಅಕ್ಟೋಬರಿಗೆ ಕರಾರು ಮುಗಿಯಿತು.
ಈಗ ಜಾರ್ಜಿಯಾದಲ್ಲಿದ್ದಾನೆ ಅಂತ ಸುದ್ದಿ.
ಅಲ್ಲಿನ ಲಿಪಿಯೇ ಬೇರೆಯಂತೆ, ಎಲ್ಲ ಗುಂಡಗೆ, ಕೊಕ್ಕೆ ಕೊಕ್ಕೆ.
ಅದರಲ್ಲಿ ಅವನ ಹೆಸರು ಎಷ್ಟಕ್ಷರವೋ,
ಮೆಟ್ಟಿಲ ಕೆಳಗೆ ಯಾರಿದ್ದಾರೋ.