ಎತ್ವ, ಕೊಂಬು

ಭೋಸರಿಯಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿ, ರಾತ್ರಿ ಒಂದೂವರೆ.
ಮುನ್ನೂರು ಸರ್ವರುಗಳಿಗೆ
ನೀವು ಹೀಗಿರಬೇಕು ಎಂದು ಹೇಳಿಕೊಡುವ ತಂತ್ರಾಂಶವನ್ನು
ಪೊಟ್ಟಣ ಕಟ್ಟುತ್ತಿದ್ದೇನೆ.

ಕಟ್ಟುವುದು ಸುಲಭ. ಕಷ್ಟ, ಅದರ ಬಳಗ.
ಒಬ್ಬರನ್ನು ಕರೆದರೆ ಹದಿನೇಳು ಮಂದಿ ಬರುತ್ತಾರೆ:
ನಕ್ಷೆ ಬಿಡಿಸುವ ಲೈಬ್ರರಿ, ಆ ನಕ್ಷೆಗೆ ಫಾಂಟು,
ನಾವೆಂದೂ ಬಾಡಿಗೆ ಹಿಡಿಯದ ಕ್ಲೌಡುಗಳ ಬೀಗದಕೈ ಗೊಂಚಲು.
ಹಳೆಯ ಡಿಸ್ಕುಗಳಲ್ಲಿ ಜಾಗವೆಲ್ಲಿ?

ಎದುರು ಕೂತ ಶಾಲ್ಮಲಿ ಗೋಗಟೆ ಒಂದೊಂದಕ್ಕೂ ಕೇಳುತ್ತಾಳೆ,
'ಪಾಹಿಜೇಚ್? ಕೀ ಅಸಲಂ ತರ್ ಬರಂ?'
ಬೇಕೇ ಬೇಕೋ, ಇದ್ದರೆ ಚಲೋನೋ.
ನಾನು ಒಳಗೊಳಗೇ ಕನ್ನಡದಲ್ಲಿ ತೂಗುತ್ತೇನೆ:

ಇಲ್ಲದಿದ್ದರೆ ನಡೆಯದು.
ಇಲ್ಲದಿದ್ದರೂ ನಡೆದೀತು.

ಅಕ್ಕಲಕೋಟೆಯ ಕನ್ನಡ ಶಾಲೆ, ಎರಡನೇ ಇಯತ್ತೆ.
ರಕಾರಕ್ಕೆ ಎತ್ವ ಕೊಟ್ಟರೆ ರೆ,
ಕೊಂಬಿನ ದೀರ್ಘ ಕೊಟ್ಟರೆ ರೂ,
ಕಲಶೆಟ್ಟಿ ಮಾಸ್ತರರ ಬೆತ್ತ ಹಲಗೆಯ ಮೇಲೆ ಟಪ್ಪೆಂದಿತು.
ತಲೆಯ ಮೇಲೊಂದು ಕೊಂಕು, ಇಲ್ಲ ಮಗ್ಗುಲಲ್ಲೊಂದು ಬಾಲ.
ನನ್ನ ಹೊಟ್ಟೆಪಾಡೆಲ್ಲ ಅಷ್ಟರಲ್ಲೇ ಇದೆಯೆಂದು
ಆಗ ಯಾರಿಗೆ ಗೊತ್ತಿತ್ತು.

ಕೊಂಬು ಕೊಟ್ಟೆ. ಧಾರಾಳವಾಗಿ ಕೊಟ್ಟೆ.
ತೊಂಬತ್ತು ಎಂಬಿ ಹನ್ನೊಂದಕ್ಕಿಳಿಯಿತು.
ನಾಶಿಕ್ ರಸ್ತೆಯ ಸೈಕಲ್ ಚಹಾದವನಿಗೆ
ಚಿಲ್ಲರೆ ಇಟ್ಟುಕೋ ಎಂದೆ, ಎಂದೂ ಅನ್ನದವಳು.

ನಾಲ್ಕಕ್ಕೆ ಫೋನು. ಜುನ್ನರದ ಕೋಲ್ಡ್ ಸ್ಟೋರೇಜು.
ಕಾವಲುಗಾರ ದಗಡೂ ಪರದೆಯ ಮೇಲಿನದನ್ನು
ಅಕ್ಷರ ಅಕ್ಷರವಾಗಿ ಓದಿದ, ಎನ್, ಓ, ಟೀ,
ಮಧ್ಯದಲ್ಲಿ ಜಾಗ, ಎಫ್, ಓ...
ಮುನ್ನೂರರಲ್ಲಿ ಅದೊಂದೇ
ಸೀರಿಯಲ್ ತಂತಿಯಲ್ಲಿ ಫ್ಯಾನುಗಳಿಗೆ ಮಾತಾಡುವ ಯಂತ್ರ.
ಆ ತಂತಿಯ ಭಾಷೆ ಬಲ್ಲ ಪುಟ್ಟ ಲೈಬ್ರರಿಗೆ
ರಾತ್ರಿ ಎರಡಕ್ಕೆ, ಆಕಳಿಸುತ್ತ,
ಕೊಂಬು ಹಚ್ಚಿದವಳು ನಾನೇ.
ಒಳಗೆ ದ್ರಾಕ್ಷಿ ಬೆವರುತ್ತಿತ್ತು.

ಹಾಗೆಂದು ಎಲ್ಲರ ತಲೆಗೂ ಎತ್ವ ಕಟ್ಟಲಿಲ್ಲ.
ಅದನ್ನೇ ಬೇರೆ ಪೊಟ್ಟಣ ಮಾಡಿ
ವಿವರಣೆಯಲ್ಲಿ ಒಂದು ಸಾಲು ಬರೆದೆ:
ತಂತಿ ಇದ್ದ ಕಡೆ, ಇದಿಲ್ಲದಿದ್ದರೆ ನಡೆಯದು.
ಶಾಲ್ಮಲಿ ಮೇಜಿಗೆ ತಲೆಯಿಟ್ಟು ಮಲಗಿಯಾಗಿತ್ತು.

ದಗಡೂ ಹೇಳಿದ ಕೀ ಒತ್ತಿದ, ಕಾದ.
ಫೋನಿನಲ್ಲಿ ಮೊದಲು ಒಂದು ಫ್ಯಾನು,
ಆಮೇಲೆ ಎಲ್ಲ.

'ಬಾಯಿ, ಇನ್ನು ನಾನು ಬೇಕಾ?
ಇಲ್ಲಾಂದ್ರೆ ಸ್ವಲ್ಪ ಅಡ್ಡಾಗ್ತೀನಿ' ಎಂದ.

ಯಾವ ಗುರುತು ಹಚ್ಚಲಿ ಇದಕ್ಕೆ.
ಐದು ನಿಮಿಷ ಇರು ದಗಡೂ, ಎಂದೆ.