ತಾಟು ಬಡಿಯುವ ಕೆಲಸ

ಹೆಸರಿಡುವಾಗ ಯಾರಿಗೂ ಗೊತ್ತಿರಲಿಲ್ಲ.
ತಿಂಥಣಿಗೆ ಹರಕೆ ಹೊತ್ತಿದ್ದರು, ಗಂಡು ಹುಟ್ಟಿತು,
ಮೌನೇಶ ಎಂದರು.
ಮೂರು ವರ್ಷ ಕಳೆದ ಮೇಲೆ
ಬೆನ್ನ ಹಿಂದೆ ತಗಡು ಬಿದ್ದರೂ ತಿರುಗದ ಕೂಸನ್ನು ನೋಡಿ
ಅಜ್ಜಿ ಆ ಹೆಸರನ್ನೇ ಬೈದಳಂತೆ.

ನಮ್ಮ ಶಾಲೆಯಲ್ಲಿ ಅವನಿಗೆ ಬೇರೆ ಹೆಸರಿತ್ತು:
ಎಡಹುಬ್ಬಿನ ಗಾಯದ ಗೆರೆಯ ಮೇಲೆ
ತೋರುಬೆರಳು, ಎರಡು ಸಲ.
ಹುಡುಗರೇ ಇಟ್ಟದ್ದು.
ದ್ಯಾವಮ್ಮ ಎಂದರೆ ಜಡೆ ತಿರುವಿದಂತೆ,
ಖಾಜಾ ಎಂದರೆ ಮುರಿದ ಹಲ್ಲು,
ನಾನು ಅವರಿಗೆ ಬರೀ ಒಂದು ಕನ್ನಡಕ.
ಗಂಟೆ ಇಲ್ಲ ನಮ್ಮಲ್ಲಿ; ಟ್ಯೂಬ್‌ಲೈಟು ಮೂರು ಸಲ ಮಿಣುಕಿದರೆ
ಊಟ.

ಆ ಮಾರ್ಚಿನಲ್ಲಿ ಒಂದೇ ಮಧ್ಯಾಹ್ನಕ್ಕೆ ಹಾಸ್ಟೆಲ್ ಖಾಲಿ ಮಾಡಿಸಿದರು.
ಕಲಬುರಗಿಯ ಬಿಸಿಲಿಗೆ
ಅಂಗಳದ ಟ್ರಂಕುಗಳು ಮುಟ್ಟಲಾರದಷ್ಟು ಕಾದಿದ್ದವು.
ಈ ರೋಗಕ್ಕೆ ನನ್ನ ಬಳಿ ಸನ್ನೆಯಿರಲಿಲ್ಲ,
ಕೆಮ್ಮಿದಂತೆ ಮಾಡಿದೆ, ನಕ್ಕರು.
ವಾಪಸು ಯಾವಾಗ? ಜೀಪಿನ ಕಿಟಕಿಯಿಂದ ಮೌನೇಶ ಕೇಳಿದ.
ಹತ್ತು ಬೆರಳು, ಮತ್ತೆ ಹತ್ತು, ಒಂದು.
ನನಗೂ ಗೊತ್ತಿದ್ದದ್ದು ಅಷ್ಟೇ.

ಆಮೇಲೆ ಫೋನಿನಲ್ಲಿ ಪಾಠ.
ಅವರ ಮನೆಯ ಒಂದೇ ಫೋನು ಅಣ್ಣನ ಜೇಬಿನಲ್ಲಿ,
ಅಣ್ಣ ಟ್ರ್ಯಾಕ್ಟರಿನ ಮೇಲೆ.
ಸಿಕ್ಕ ಒಂದು ದಿನವೂ ನೆಟ್‌ವರ್ಕ್ ನಿಂತು
ನನ್ನ ಕೈ ಗಾಳಿಯಲ್ಲೇ ಹೆಪ್ಪುಗಟ್ಟಿತು,
ನಾಳೆ ಎನ್ನುವ ಮಾತಿನ ನಡುವೆ.
ಕಿವಿ ಇದ್ದವರಾದರೆ ಹಲೋ ಹಲೋ ಅನ್ನಬಹುದಿತ್ತು.

ಸಂಕ್ರಾಂತಿ ಮುಗಿದ ವಾರ ನಾನೇ ಹೋದೆ,
ವರ್ಕ್‌ಶೀಟು, ಸ್ಯಾನಿಟೈಜರು, ಒಂದು ಪ್ಯಾಕೆಟ್ ಬಿಸ್ಕಿಟು.
ಸುರಪುರ ದಾಟಿದರೆ ಎರಿ ಹೊಲ, ಹಾಲುಗಟ್ಟಿದ ಬಿಳಿಜೋಳ,
ನಡುವೆ ಅಟ್ಟಣಿಗೆ, ಅದರ ಮೇಲೆ ಅವನು
ಸ್ಟೀಲ್ ತಾಟು ಬಡಿಯುತ್ತ.
ಹಕ್ಕಿ ಕಾಯುವ ಕೆಲಸ.
“ಇಡೀ ದಿನ ಬಡದರೂ ಅವನಿಗಿ ಕಿವಿ ನೋಯಂಗಿಲ್ಲ ನೋಡ್ರಿ ಮೇಡಂ,”
ಅಪ್ಪ ಅಂದ. ಹೆಮ್ಮೆಯೇ ಇತ್ತು ದನಿಯಲ್ಲಿ.

ಸದ್ದು ಎಂದರೇನೆಂದು ಅವನು ಅಲ್ಲಿ ಕಲಿತಿದ್ದ:
ಮೊದಲು ಪಕ್ಕೆಲುಬಿನಲ್ಲಿ ಒಂದು ನಡುಕ,
ಆಮೇಲೆ ಹೊಲವೇ ಎದ್ದು ಹಾರುವುದು.

ಕರೀರಿ ಅವನಿಗೆ, ಎಂದೆ.
ಅಪ್ಪ ಬಗ್ಗಿ ಸಣ್ಣ ಹೆಂಟೆಯೊಂದನ್ನು ಆರಿಸಿ
ಬೆನ್ನಿಗೆ ಎಸೆದ.
ಹತ್ತು ತಿಂಗಳು ಹೀಗೆಯೇ ಕರೆದದ್ದು.
ಹತ್ತು ತಿಂಗಳು ಯಾರೂ
ಹುಬ್ಬು ಮುಟ್ಟಿ ತೋರಿಸಿರಲಿಲ್ಲ.

ತಿರುಗಿದ. ಮಾಸ್ಕಿನ ಹೆಂಗಸು ಅವನಿಗೆ ಗುರುತಿಲ್ಲ.
ನಿಯಮ ಮುರಿದು ಕೆಳಗೆಳೆದೆ,
ನನ್ನ ಹುಬ್ಬಿನ ಮೇಲೆ ಎರಡು ಸಲ.
ತಾಟು ಇಟ್ಟು ತನ್ನ ಕೈಗಳನ್ನೇ ನೋಡಿಕೊಂಡ,
ಯಾರೋ ಕಡ ಕೊಟ್ಟವು ಎಂಬಂತೆ.
ಮುಷ್ಟಿ ಬಿಚ್ಚಿದ, ಮುಚ್ಚಿದ, ಬಿಚ್ಚಿದ.
ಲೈಟು?
ನಾನು ಬಿಸ್ಕಿಟು ಕೊಟ್ಟೆ.
ಅಷ್ಟರಲ್ಲಿ ಹಕ್ಕಿಗಳು ಇಳಿದಿದ್ದವು,
ಅಪ್ಪ ಚಪ್ಪಾಳೆ ತಟ್ಟುತ್ತ ಹೊಲದೊಳಗೆ ಓಡಿದ.

ಶಾಲೆ ತೆರೆದಾಗ
ಮೂವತ್ತೊಂದರಲ್ಲಿ ಹತ್ತೊಂಬತ್ತು ಟ್ರಂಕು ಬಂದವು.
ಖಾಜಾ ಹೈದರಾಬಾದಿನ ಯಾವುದೋ ಬೇಕರಿಯಲ್ಲಿದ್ದಾನಂತೆ.
ಮೌನೇಶ ಬಂದ. ಪ್ಯಾಂಟು ಮೀನಖಂಡಕ್ಕೆ ಏರಿತ್ತು.
ಮೂರರ ಮಗ್ಗಿ ಹೋಗಿತ್ತು, ವಾರದಲ್ಲಿ ಬುಧವಾರ ಹೋಗಿತ್ತು,
ಇರಲಿ, ಹುಡುಕಿ ತರಬಹುದು.

ಬೋರ್ಡಿಗೆ ಮುಖ ಮಾಡಿ ದಿನಾಂಕ ಬರೆಯುತ್ತಿದ್ದೆ.
ಬೆನ್ನಿಗೆ ಏನೋ ತಾಗಿತು:
ಚಾಕ್‌ಪೀಸಿನ ಚೂರು.
ಕರೆಯಬೇಕಾದರೆ ನೆಲ ತಟ್ಟುವುದು ನಮ್ಮಲ್ಲಿ ಪದ್ಧತಿ,
ಅದನ್ನೂ ಮರೆತಿದ್ದಾನೆ.
ಗದರಿಸಲು ಕೈ ಎತ್ತಿ ತಿರುಗಿದರೆ

ಅವನು ಕಿಟಕಿ ಪಕ್ಕದ ಖಾಲಿ ಜಾಗ ತೋರಿಸಿ
ಹೆಗಲ ಮೇಲೆ ಇಲ್ಲದ ಜಡೆಯೊಂದನ್ನು
ತಿರುವುತ್ತಿದ್ದ, ತಿರುವುತ್ತಲೇ ಇದ್ದ.