ಕಕ್ಕಡ ಹತ್ತೊಂಬತ್ತು

ಮದ್ದುಸೊಪ್ಪಿನ ಪಾಯಸ ಉಂಡ ಮರುದಿನ
ಬಚ್ಚಲಿಗೆ ಹೋಗಿ ಬಂದವರೆಲ್ಲರದೂ ಕೆಂಪು.
ನನ್ನದು ಹೆಚ್ಚು, ನಿನ್ನದು ಕಡಿಮೆ ಎಂದು
ಹುಡುಗರು ಜಂಬ ಕೊಚ್ಚುತ್ತಿದ್ದರು.
ದೊಡ್ಡಪ್ಪನೂ ಮೀಸೆಯೊಳಗೆ ನಕ್ಕು
"ಹದಿನೆಂಟು ಮದ್ದೂ ಮೈಗೆ ಹತ್ತಿತು" ಎಂದರು.

ಹಾಗಾಗಿ ನಾನು ಹೆದರಲಿಲ್ಲ.
ಎರಡು ಬಟ್ಟಲು ಉಂಡಿದ್ದೆ, ತುಪ್ಪ ಬೇರೆ.
ಮೂರನೆಯ ದಿನ ಎಲ್ಲರದೂ ತಿಳಿಯಾಯಿತು.
ನನ್ನದು ಮಾತ್ರ ಇನ್ನೂ.

ಇಂಬಳ ಇರಬೇಕು ಅಂದುಕೊಂಡೆ.
ನಾಟಿ ಗದ್ದೆಗೆ ಬುತ್ತಿ ಒಯ್ದಿದ್ದೆನಲ್ಲ,
ಅದು ಕಚ್ಚಿದ್ದು ತಿಳಿಯುವುದಿಲ್ಲ, ಹರಿದದ್ದಷ್ಟೇ ತಿಳಿಯುತ್ತದೆ.
ಸುಣ್ಣ ಹಚ್ಚಲು ಗಾಯ ಹುಡುಕಿದೆ.
ಗಾಯವಿರಲಿಲ್ಲ.

ಆ ವರ್ಷವೇ ಹಾಗೆ.
ಮೊದಲು ಪಾದ ಬೆಳೆದವು, ನನ್ನನ್ನು ಕೇಳದೆ;
ಜೂನಿನ ಕ್ಯಾನ್ವಾಸ್ ಶೂ ಜುಲೈಗೆ ಕಚ್ಚತೊಡಗಿತು.
ಹಾಕಿ ಕೋಲು ಗಿಡ್ಡವಾಯಿತು,
ಪೆಮ್ಮಯ್ಯನೇ ತುಂಡರಿಸಿದನೆಂದು ಅವನ ಜೊತೆ ಜಗಳ.
ರಾತ್ರಿ ಮೊಣಕಾಲೊಳಗೆ ಯಾರೋ ಬಿದಿರು ಸೀಳಿದಂತೆ.
ಗದ್ದದ ಮೇಲೊಂದು ಮೊಡವೆ.
ಬೆವರಿಗೆ ನನ್ನದಲ್ಲದ ವಾಸನೆ, ಅವ್ವನ ರವಿಕೆಯದು.
ಸಾರಿಗೆ ಉಪ್ಪು ಕಡಿಮೆಯೆಂದು ಅತ್ತೆ,
ಯಾಕೆ ಅಳುತ್ತೀ ಎಂದು ಕೇಳಿದ್ದಕ್ಕೆ ಮತ್ತೂ ಅತ್ತೆ.

ನಾಪೋಕ್ಲಿನ ಶಾಲೆಯಲ್ಲಿ ಗಿರಿಜಾಕುಮಾರಿ ಟೀಚರು
ಆ ಪಾಠ ಬಂದ ದಿನ ಹುಡುಗರನ್ನು ಮೈದಾನಕ್ಕೆ ಕಳಿಸಿ
ಬೋರ್ಡಿಗೆ ಮುಖ ಮಾಡಿಯೇ ಹೇಳಿದ್ದರು:
ಮೆದುಳಿನ ಬುಡದಲ್ಲೊಂದು ಗ್ರಂಥಿ,
ಕಾಳುಮೆಣಸಿಗಿಂತ ತುಸು ದೊಡ್ಡದು,
ಅದರ ಓಲೆ ರಕ್ತದಲ್ಲಿ ತೇಲಿ ಕೆಳಗಿಳಿಯುತ್ತದೆ,
ಕೆಳಗೆ ಎರಡು ಅಂಡಾಶಯ ಅದನ್ನೋದಿ ಎಚ್ಚರಾಗುತ್ತವೆ.
ಈಸ್ಟ್ರೊಜನ್ ಎಂದು ಬರೆದು
ಬರೆದ ಕೈಯಲ್ಲೇ ಒರೆಸಿಬಿಟ್ಟರು.
ನನಗೆ ನೆನಪುಳಿದದ್ದು ಮೆಣಸೊಂದೇ.

ನಾಲ್ಕನೆಯ ದಿನ ಒಗೆಯುವ ಕಲ್ಲಿನ ಬಳಿ
ಚಿಕ್ಕಮ್ಮ ನನ್ನ ಲಂಗ ಹಿಡಿದು ಅವ್ವನನ್ನು ಕೂಗಿದಳು.
ಪಿಸುಮಾತು. ಆಮೇಲೆ ನನಗೆ
ಹಳೆ ಸೀರೆಯ ತುಂಡು, ಹಸಿ ಮೊಟ್ಟೆ, ಎಳ್ಳೆಣ್ಣೆ,
ದೊಡ್ಡವಳು ಎಂಬೊಂದು ಹೆಸರು.
ಮತ್ತೆ, "ನೆಲ್ಲಕ್ಕಿ ನಡುಬಾಡೆಗೆ ಬರಬೇಡ, ದೀಪದ ಹತ್ತಿರ."

ಕೇಳಿದೆ. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದೆ:
ಮೊನ್ನೆ ದೊಡ್ಡಪ್ಪನದೂ ಕೆಂಪಿತ್ತಲ್ಲ,
ದೀಪ ಹಚ್ಚಿದ್ದು ಅವರೇ ಅಲ್ಲವಾ?

ಎತ್ತಿದ ಅವ್ವನ ಕೈ ಗಾಳಿಯಲ್ಲೇ ನಿಂತಿತು.
ಕೈಯಾಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿಯ
ಮೊದಲು ಹೆಗಲು ಕುಲುಕಿತು, ಆಮೇಲೆ ನಗು,
ಹಲ್ಲಿಲ್ಲದ, ಕಣ್ಣಲ್ಲಿ ನೀರು ಬರುವ ನಗು.
"ನನಗೆ ನಿಂತು ಇಪ್ಪತ್ತೆರಡು ವರ್ಷ.
ಕಕ್ಕಡದ ದಯೆ, ವರ್ಷಕ್ಕೊಂದು ದಿನ ಬರುತ್ತದೆ.
ಆ ದಿನ ನಾನೂ ದೊಡ್ಡವಳಾಗುತ್ತೇನೆ, ನನ್ನ ಮಗನೂ."
ಎಣ್ಣೆಯ ಕುಪ್ಪಿಯನ್ನು ನನ್ನ ಕೈಗಿಟ್ಟಳು.
"ದೀಪ ಸಣ್ಣಗಾಗಿದೆ, ಹೋಗು. ನನಗೆ ಮಂಡಿ ಏಳುವುದಿಲ್ಲ."
ಯಾರೂ ಮಾತಾಡಲಿಲ್ಲ.
ಯಾವ ಶೂವೂ ಹಿಡಿಸದ ಆ ಪಾದಗಳಲ್ಲಿ
ಹೊಸಿಲು ದಾಟಿದೆ.

ಈಗ ನನಗೂ ನಿಂತು ಎಂಟು ತಿಂಗಳಾಯಿತು.
ನಡುರಾತ್ರಿ ಮೈ ಕಾದು ಕಿಟಕಿ ತೆರೆಯುತ್ತೇನೆ.
ಆ ಮೆಣಸು ಇನ್ನೂ ಓಲೆ ಕಳಿಸುತ್ತಲೇ ಇದೆಯಂತೆ,
ಮೊದಲಿಗಿಂತ ಜೋರಾಗಿ, ತೆರೆದೋದುವವರಿಲ್ಲದ ವಿಳಾಸಕ್ಕೆ.
ಇವತ್ತು ಕಕ್ಕಡ ಹದಿನೆಂಟು.
ಒಲೆಯ ಮೇಲೆ ಸೊಪ್ಪು ಕುದಿದು ನೀರು ನೇರಳೆಗೆ ತಿರುಗುತ್ತಿದೆ.
ಅಜ್ಜಿಯ ದೊಡ್ಡ ಬಟ್ಟಲು
ಎಲ್ಲಿಟ್ಟೆನೋ.